ಪುಸ್ತಕ ನೋಡಿ ಹೇಳಿ

ನನ್ನ ಜಾಗಕ್ಕೆ ಬಂದಿರುವ ಹೊಸ ಟೀಚರ್ ಕಳೆದ ವಾರ ಶಿರ್ವದ ನನ್ನ ಮನೆಗೆ ಬಂದಿದ್ದಳು. ಹೆಸರು ಶ್ವೇತಾ, ಕಾರ್ಕಳದವಳು, ಒಳ್ಳೆಯ ಹುಡುಗಿ. ಕಾಪುವಿನ ಕಡಲ ಬದಿಯ ನಮ್ಮ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಇನ್ನು ಇಂಗ್ಲಿಷ್ ಪಾಠವೂ ಅವಳದ್ದೇ, ನಾನು ನಡೆಸುತ್ತಿದ್ದ ಶಬ್ದದಾಟದ ಕ್ಲಬ್ಬೂ ಅವಳದ್ದೇ. ಚಾ ಕುಡಿದು ಕಪ್ಪು ಕೆಳಗಿಡುವ ಮೊದಲೇ ಕೇಳಿದಳು: “ಲೀನಾ ಟೀಚರ್, ನಿಮ್ಮ ಶಬ್ದಗಳ ಪಟ್ಟಿ ಎಲ್ಲ ನನಗೆ ಕೊಡ್ತೀರಾ? ಎರಡಕ್ಷರದ್ದು, ಮೂರಕ್ಷರದ್ದು, ಕ್ಯೂ ಇರುವುದು, ಎಕ್ಸ್ ಇರುವುದು. ಅದೊಂದು ಇದ್ದರೆ ನನಗೆ ಸಾಕು.”

ಕೊಟ್ಟೆ. ಒಂದು ದೊಡ್ಡ ಚೀಲ ತುಂಬ ಕೊಟ್ಟು ಕಳಿಸಿದೆ. ಆದರೆ “ಅದೊಂದು ಇದ್ದರೆ ಸಾಕು” ಎಂದಳಲ್ಲ, ಅದು ನನಗೆ ಚುರ್ರೆಂದಿತು. ಪಟ್ಟಿ ಈಗ ಯಾವ ಮೊಬೈಲಿನಲ್ಲೂ ಸಿಗುತ್ತದೆ. ಪಟ್ಟಿಯೇ ಕೆಲಸವಾಗಿದ್ದರೆ ನಾನು ಇಷ್ಟು ವರ್ಷ ಶಿರ್ವದಿಂದ ಕಾಪುವಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಗಂಟಲು ಹರಿದುಕೊಂಡದ್ದು ಎಂತಕ್ಕೆ? ಹಾಗಾಗಿ ಇದನ್ನು ಬರೆಯುತ್ತಿದ್ದೇನೆ, ಶ್ವೇತಾಳಿಗೆ ಮತ್ತು ಅವಳ ಹಾಗೆ ಈ ಕೆಲಸಕ್ಕೆ ಹೊಸದಾಗಿ ಕಾಲಿಡುವವರಿಗೆ. ಲೀನಾ ಟೀಚರ್ ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಎಂದು ಯಾರಾದರೂ ಹೇಳುವುದಾದರೆ ಹೇಳಲಿ. ಜಂಬಪಡುವಂಥ ಕೆಲಸವನ್ನೇ ಮಾಡಿದ್ದೇನೆ.

ನಾನು ಸೇರಿದ ಕಾಲಕ್ಕೆ ನಮ್ಮ ಮಕ್ಕಳಿಗೆ ಇಂಗ್ಲಿಷ್ ಎಂದರೆ ಚಳಿಜ್ವರ. ಮನೆಯಲ್ಲಿ ತುಳುವೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದಾಗ ನನ್ನ ಬಾಯಿಂದ ಬೀಳುವ ಕೊಂಕಣಿಯೂ ಅವರಿಗೆ ಅರ್ಥವಾಗುತ್ತಿತ್ತು. ಇಷ್ಟು ಭಾಷೆಯಲ್ಲಿ ಪಟಪಟ ಅನ್ನುವ ಮಕ್ಕಳು ಇಂಗ್ಲಿಷ್ ಪಿರಿಯಡ್ ಬಂದ ಕೂಡಲೇ ಬೆಂಚಿನ ಅಡಿಗೆ ಬಗ್ಗಿ ಇಲ್ಲದ ಪೆನ್ಸಿಲ್ ಹುಡುಕಲು ಶುರು ಮಾಡುತ್ತಿದ್ದರು. ಎಬ್ಬಿಸಿ ನಿಲ್ಲಿಸಿದರೆ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುವುದು, ಅಷ್ಟೇ.

ಆಟದ ಪೆಟ್ಟಿಗೆ ಬಂದದ್ದು ಗಲ್ಫಿನಿಂದ. ಎಂಟನೆಯ ಕ್ಲಾಸಿನಲ್ಲಿದ್ದ ಇರ್ಫಾನನ ತಂದೆ ದುಬೈಯಿಂದ ರಜೆಗೆ ಬರುವಾಗ ಮಕ್ಕಳಿಗೆಂದು ತಂದದ್ದು. ಮರುವಾರವೇ ಇರ್ಫಾನನ ತಾಯಿ ಜುಬೈದಾ ಅದನ್ನು ನನ್ನ ಮೇಜಿನ ಮೇಲೆ ತಂದಿಟ್ಟರು.

“ಇವರು ಕೇರಂ ಅಂತ ಗ್ರಹಿಸಿ ತಂದದ್ದು ಟೀಚರೇ. ಬಿಚ್ಚಿ ನೋಡಿದರೆ ಎಬಿಸಿಡಿ ಬಿಲ್ಲೆ! ನಮಗೆ ಇದು ಎಂತಕ್ಕೂ ಇಲ್ಲ, ನೀವೇ ಇಟ್ಟುಕೊಳ್ಳಿ.”

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಬ್ಬೊಬ್ಬರ ಕೈಯಲ್ಲಿ ಏಳು ಅಕ್ಷರದ ಬಿಲ್ಲೆ ಇರುತ್ತದೆ. ಸರದಿ ಬಂದಾಗ ಬೋರ್ಡಿನಲ್ಲಿ ಮೊದಲೇ ಇದ್ದ ಶಬ್ದಕ್ಕೆ ತಾಗಿಸಿ ಒಂದು ಇಂಗ್ಲಿಷ್ ಶಬ್ದ ಕಟ್ಟಬೇಕು. ಸುಲಭದ ಅಕ್ಷರಕ್ಕೆ ಕಡಿಮೆ ಪಾಯಿಂಟು, ಕ್ಯೂ, ಝಡ್‌ನಂಥ ತಂಟೆಕೋರ ಅಕ್ಷರಕ್ಕೆ ಹೆಚ್ಚು. ಎದುರಿನವನು ಇಟ್ಟದ್ದು ಶಬ್ದವೇ ಅಲ್ಲ ಎಂದು ಅನ್ನಿಸಿದರೆ ಕೈ ಎತ್ತಬಹುದು. ಆಗ ತೀರ್ಪುಗಾರರು ದೊಡ್ಡ ಶಬ್ದಕೋಶ ತೆರೆದು ನೋಡುತ್ತಾರೆ. ಶಬ್ದ ಅದರಲ್ಲಿ ಇಲ್ಲದಿದ್ದರೆ ಇಟ್ಟವನು ಬಿಲ್ಲೆ ಎತ್ತಿಕೊಳ್ಳಬೇಕು. ಇದ್ದರೆ ಕೈ ಎತ್ತಿದವನು ತನ್ನ ಒಂದು ಸರದಿ ಕಳೆದುಕೊಳ್ಳಬೇಕು. ಈ ಕೊನೆಯ ನಿಯಮವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಮೊದಲ ವರ್ಷ ನಾನು ದೊಡ್ಡ ದಡ್ಡತನ ಮಾಡಿದೆ. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬ ಹಾಗೆ, ಉದ್ದುದ್ದದ ಶಬ್ದಗಳನ್ನು ಆರಿಸಿ ಅರ್ಥ, ವಾಕ್ಯ ಸಮೇತ ಬಾಯಿಪಾಠ ಮಾಡಿಸಿದೆ. ಮಕ್ಕಳು ಪಾಪ, ಉರು ಹೊಡೆದರು. ಬೋರ್ಡಿನ ಮುಂದೆ ಕೂತರೆ ಅಷ್ಟು ಉದ್ದದ ಶಬ್ದಕ್ಕೆ ಜಾಗವೂ ಇಲ್ಲ, ಕೈಯಲ್ಲಿ ಬೇಕಾದ ಬಿಲ್ಲೆಯೂ ಇಲ್ಲ. ಅರ್ಧ ಗಂಟೆಯಲ್ಲಿ ಆಟವೇ ನಿಂತುಹೋಗುತ್ತಿತ್ತು.

ಒಂದು ಶನಿವಾರ ಸಿಟ್ಟು ಬಂದು, ಶಬ್ದಕೋಶದಿಂದ ನಾನೇ ಚೀಟಿಗಳಲ್ಲಿ ಬರೆದಿಟ್ಟಿದ್ದ ಸಣ್ಣ, ದೊಡ್ಡ ಶಬ್ದಗಳನ್ನೆಲ್ಲ ನೆಲಕ್ಕೆ ಸುರಿದೆ. “ತಗೊಳ್ಳಿ, ಎಂತ ಬೇಕಾದರೂ ಮಾಡಿ” ಎಂದು ಸ್ಟಾಫ್ ರೂಮಿಗೆ ಹೋಗಿ ಕೂತೆ. ತಿರುಗಿ ಬಂದಾಗ ಚೀಟಿಗಳೆಲ್ಲ ರಾಶಿ ರಾಶಿಯಾಗಿ ಬೇರೆಯಾಗಿದ್ದವು. ಎರಡಕ್ಷರದ್ದು ಒಂದು ಕಡೆ, ಮೂರಕ್ಷರದ್ದು ಒಂದು ಕಡೆ, ನಾಲ್ಕರದ್ದು ಇನ್ನೊಂದು ಕಡೆ. ಯಾರು ಹೇಳಿಕೊಟ್ಟದ್ದು ಎಂದು ಕೇಳಿದೆ. ಮಕ್ಕಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ದೋಣಿ ಬಂದಾಗ ಬೆರಕೆ ಮೀನಿನ ರಾಶಿಯನ್ನು ಗಾತ್ರ ನೋಡಿ ಬೇರೆ ಮಾಡುವುದು ಅವರಿಗೆ ಹಲ್ಲುಜ್ಜಿದಷ್ಟು ಸಹಜ. ಮೀನಿಗೆ ಮಾಡಿದ್ದನ್ನೇ ಶಬ್ದಕ್ಕೂ ಮಾಡಿದ್ದರು.

ಅವತ್ತಿನಿಂದ ನನ್ನ ಪಾಠದ ಕ್ರಮವೇ ಬದಲಾಯಿತು. ಮಕ್ಕಳು ಮನೆಯಿಂದ ಹಳೆಯ ಮೀನಿನ ಬುಟ್ಟಿ ತಂದರು. ಎರಡಕ್ಷರದ ಬುಟ್ಟಿ ಪೂರ್ತಿ ಬಾಯಿಗೆ ಬಂದ ಮೇಲೆಯೇ ಮೂರಕ್ಷರದ ಬುಟ್ಟಿ ಮುಟ್ಟಬಹುದು. ಆಮೇಲೆ ಪ್ರತಿ ಬುಟ್ಟಿಯೊಳಗೆ ಅಕ್ಷರ ನೋಡಿ ಮತ್ತೆ ವಿಂಗಡಣೆ. ಸ್ವರ ತುಂಬಿದ್ದು, ಸ್ವರವೇ ಇಲ್ಲದ್ದು, ಎಕ್ಸಿನಲ್ಲಿ ಮುಗಿಯುವುದು, ಝಡ್ಡಿನಿಂದ ಶುರುವಾಗುವುದು. ಅರ್ಥ ಕೇಳಬಾರದು ಎಂದು ಕಟ್ಟುನಿಟ್ಟು ಮಾಡಿದೆ. ಕೇರಂ ಕಾಯಿನ್ನಿಗೆ ಅರ್ಥ ಉಂಟಾ?

ಹೆಡ್‌ಮಾಸ್ಟರ್ ಭಟ್ಟರು ಒಮ್ಮೆ ಬಾಗಿಲಲ್ಲಿ ನಿಂತು ಮೂಗಿಗೆ ಶಾಲು ಒತ್ತಿಕೊಂಡರು. “ಎಂತದು ಲೀನಾ ಟೀಚರೇ, ಕ್ಲಾಸಿನಲ್ಲಿ ಮೀನಿನ ವಾಸನೆ?”

“ಮೀನಿನದ್ದಲ್ಲ ಸರ್, ಇಂಗ್ಲಿಷಿನ ವಾಸನೆ.”

“ಅರ್ಥ ಗೊತ್ತಿಲ್ಲದ ಶಬ್ದ ಕಲಿಸುವುದು ಯಾವ ವಿದ್ಯೆ ಮಾರಾಯ್ರೇ?”

“ನೀವು ಮಗ್ಗಿ ಕಲಿಯುವಾಗ ಅರ್ಥ ಕೇಳಿದ್ದಿರಾ ಸರ್?”

ಭಟ್ಟರು ಒಳ್ಳೆಯ ಮನುಷ್ಯ. ನಕ್ಕು ಹೊರಟುಹೋದರು, ಆದರೆ ಮರುದಿನ ಪ್ಯೂನನ ಕೈಯಲ್ಲಿ ಒಂದು ಡಬ್ಬ ಫಿನಾಯಿಲು ಕಳಿಸಿದರು. ಮೇಲಿನವರು ಹೀಗಿದ್ದರೆ ಕೆಲಸ ಮಾಡಲು ಖುಷಿ ಉಂಟು.

ಕ್ಯೂ ಬುಟ್ಟಿಯ ವಿಷಯ ಹೇಳಲೇಬೇಕು. ಇಂಗ್ಲಿಷಿನ ಕ್ಯೂ ಎಂದರೆ ಹೆಂಡತಿ ಇಲ್ಲದೆ ಹೊಸ್ತಿಲು ದಾಟದ ಗಂಡ. ಯು ಪಕ್ಕದಲ್ಲಿ ಇಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಆದರೆ ಕೆಲವು ಶಬ್ದಗಳಲ್ಲಿ ಒಬ್ಬನೇ ತಿರುಗಾಡುತ್ತಾನೆ, ಆಟದಲ್ಲಿ ಗೆಲ್ಲಿಸುವುದು ಅವೇ. ನಾನು ಆ ಬುಟ್ಟಿಯ ಶಬ್ದಗಳನ್ನು ಗೋಡೆಗೆ ಹಾಕಿದ ದಿನ ಇರ್ಫಾನ್ ಓದುತ್ತಾ ಓದುತ್ತಾ ಎದ್ದು ನಿಂತ. “ಟೀಚರ್, ಇದು ಫಕೀರ, ಇದು ಖಾಜಿ, ಇದು ತಲಾಖ್. ಎಲ್ಲ ನಮ್ಮ ಕಡೆಯ ಶಬ್ದ ಅಲ್ವಾ? ಇಂಗ್ಲಿಷಿನವರಿಗೆ ಹೇಗೆ ಸಿಕ್ಕಿತು?” ಇನ್ನೊಬ್ಬಳು ನಾಲ್ಕಕ್ಷರದ ಬುಟ್ಟಿಯಿಂದ ಇಡ್ಲಿಯನ್ನೂ ದೋಸೆಯನ್ನೂ ಎತ್ತಿ ತೋರಿಸಿ, “ಇದು ಇಂಗ್ಲಿಷಾ ಟೀಚರ್?” ಎಂದು ಬಾಯಿಗೆ ಕೈ ಇಟ್ಟಳು. ಹೌದು ಮಕ್ಕಳೇ, ಶಬ್ದಕೋಶದಲ್ಲಿ ಉಂಟು ಎಂದೆ. ಉಡುಪಿಯ ಬದಿಯ ಮಕ್ಕಳಿಗೆ ದೋಸೆ ಇಟ್ಟರೂ ಪಾಯಿಂಟು ಸಿಗುತ್ತದೆ ಎಂದು ಗೊತ್ತಾದ ಮೇಲೆ ಪೆನ್ಸಿಲ್ ಹುಡುಕುವುದು ನಿಂತಿತು.

ಇಲಾಖೆಯ ಒಬ್ಬರು ಸಾಹೇಬರು ತಪಾಸಣೆಗೆ ಬಂದಿದ್ದಾಗ ನಡೆದದ್ದನ್ನು ಇಂದಿಗೂ ನೆನೆದು ನಗುತ್ತೇನೆ. ಗೋಡೆಯ ಮೇಲೆ ಕ್ಯೂ ಮತ್ತು ಐ ಎರಡೇ ಅಕ್ಷರದ ಶಬ್ದ ಕಂಡು, ಎದುರಿಗೆ ಕೂತ ಹುಡುಗನನ್ನು ಎಬ್ಬಿಸಿ, ಇದರ ಅರ್ಥ ಏನು ಎಂದು ಕೇಳಿದರು. ಹುಡುಗ ಸೆಟೆದು ನಿಂತು, “ಅರ್ಥ ಗೊತ್ತಿಲ್ಲ ಸರ್, ಆದರೆ ಹನ್ನೊಂದು ಪಾಯಿಂಟ್ ಉಂಟು” ಎಂದ. ಸಾಹೇಬರು ನನ್ನನ್ನು ನೋಡಿದರು. ನಾನು ಕಿಟಕಿ ನೋಡಿದೆ. ವರದಿಯಲ್ಲಿ ಏನು ಬರೆದರೋ ಗೊತ್ತಿಲ್ಲ, ನಾನು ಕೇಳಲೂ ಇಲ್ಲ.

ಗೋಡೆಯದ್ದೂ ಒಂದು ಕಥೆ. ಹುಮ್ಮಸ್ಸಿನಲ್ಲಿ ನಾನು ಎರಡಕ್ಷರದ ಶಬ್ದಗಳನ್ನೆಲ್ಲ ಕ್ಲಾಸಿನ ಗೋಡೆಗೆ ಆಯಿಲ್ ಪೇಂಟಿನಲ್ಲಿ ಬರೆಸಿದ್ದೆ. ಶಾಶ್ವತವಾಗಿ ಇರಲಿ ಎಂದು! ಆದರೆ ಆಟದ ಶಬ್ದಕೋಶ ಕೆಲವು ವರ್ಷಗಳಿಗೊಮ್ಮೆ ಹೊಸದಾಗುತ್ತದೆ, ಹೊಸ ಶಬ್ದ ಸೇರುತ್ತದೆ. ಊರೆಲ್ಲ ದಿನವಿಡೀ ಹೇಳುವ ‘ಓಕೆ’ ಬಹಳ ಕಾಲ ಆಟದಲ್ಲಿ ಇರಲೇ ಇಲ್ಲ. ಅದು ಸೇರಿದ ವರ್ಷ ನಮ್ಮ ಮಕ್ಕಳು ಗೋಡೆಯನ್ನು ನಂಬಿಕೊಂಡು ಇಡದೇ ಬಿಟ್ಟರು, ಎದುರಿನವರು ಇಟ್ಟು ಗೆದ್ದರು. ಹಳೆಯ ಪಟ್ಟಿ ಅಳಿಸಲು ಬ್ಲೇಡಿನಲ್ಲಿ ಕೆರೆದು ಕೆರೆದು ನನ್ನ ಬೆರಳು ಸುಲಿದುಹೋಯಿತು. ಶ್ವೇತಾ, ಚಾಕ್‌ಪೀಸಿನಲ್ಲಿ ಬರೆ ಮಾರಾಯ್ತಿ.

ಈಗ ಮೊಬೈಲ್ ಬಂದಿದೆ. ಏಳು ಅಕ್ಷರ ಒತ್ತಿದರೆ ಅದರಿಂದ ಆಗುವ ಶಬ್ದಗಳನ್ನೆಲ್ಲ ಉದ್ದದ ಪ್ರಕಾರ ಸಾಲಾಗಿ ಕೊಡುತ್ತದೆ. ನಾನು ಅದನ್ನು ಬೈಯುವುದಿಲ್ಲ. ಪಟ್ಟಿ ನಕಲು ಮಾಡುವ ಕೂಲಿ ಕೆಲಸ ತಪ್ಪಿತಲ್ಲ ಎಂದು ಸಂತೋಷವೇ ಆಯಿತು. ಆದರೆ ಮುಂದೆ ಹೇಳುವ ವಿಷಯಕ್ಕೆ ಮೊಬೈಲಿನಲ್ಲಿ ಯಾವ ಆ್ಯಪೂ ಇಲ್ಲ.

ಇರ್ಫಾನನ ತಂಡವನ್ನು ಕರೆದುಕೊಂಡು ಮೊದಲ ಸಲ ಮಣಿಪಾಲದ ಅಂತರಶಾಲಾ ಸ್ಪರ್ಧೆಗೆ ಹೋದೆ. ಎಸಿ ಹಾಕಿದ ಸಭಾಂಗಣ, ಟೈ ಕಟ್ಟಿದ ಇಂಗ್ಲಿಷ್ ಮೀಡಿಯಂ ಮಕ್ಕಳು. ನಮ್ಮವರು ಬಾಗಿಲಲ್ಲೇ ಚಪ್ಪಲಿ ಬಿಚ್ಚಿಟ್ಟರು, ನಾನು ಬೈದು ಹಾಕಿಸಿದೆ. ನನಗೆ ಹೆದರಿಕೆ ಇರಲಿಲ್ಲ, ನಮ್ಮ ಬುಟ್ಟಿಗಳು ತುಂಬಿದ್ದವು. ಆದರೆ ನಮ್ಮವರು ಒಬ್ಬರ ಹಿಂದೆ ಒಬ್ಬರು ಸೋತರು. ಎದುರಿನ ಮಕ್ಕಳು ಬಾಯಿಗೆ ಬಂದ ಅಕ್ಷರ ಸೇರಿಸಿ ಶಬ್ದವೇ ಅಲ್ಲದ್ದನ್ನು ಗತ್ತಿನಿಂದ ಇಡುತ್ತಿದ್ದರು, ನಮ್ಮವರು ತಲೆ ಬಗ್ಗಿಸಿ ಪಾಯಿಂಟು ಬರೆದುಕೊಳ್ಳುತ್ತಿದ್ದರು. ನೋಡಿ ನೋಡಿ ನನಗೆ ತಡೆಯಲಿಲ್ಲ. “ಕೈ ಎತ್ತು ಇರ್ಫಾನ್, ಅದು ಶಬ್ದ ಅಲ್ಲ!” ಎಂದು ಬೊಬ್ಬೆ ಹೊಡೆದೆ. ಸಭಾಂಗಣವೇ ತಿರುಗಿ ನೋಡಿತು. ಇರ್ಫಾನನ ಆ ಆಟ ರದ್ದಾಯಿತು, ನನ್ನನ್ನು ಹೊರಗೆ ಕೂರಿಸಿದರು. ಮರುವರ್ಷದಿಂದ ಮೇಜುಗಳ ಸುತ್ತ ಹಗ್ಗ ಕಟ್ಟಿ ಬೋರ್ಡು ಹಾಕಿದರು: ಆಟ ನಡೆಯುವಾಗ ಕೋಚ್ ಮಾತಾಡಬಾರದು. ಆ ಬೋರ್ಡು ಬಂದದ್ದೇ ನನ್ನಿಂದ, ಅದರ ಬಗ್ಗೆಯೂ ನನಗೆ ಸ್ವಲ್ಪ ಹೆಮ್ಮೆ ಉಂಟು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ. “ಅದು ಶಬ್ದ ಅಲ್ಲ ಅಂತ ನಿನಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು ಟೀಚರ್.”

“ಮತ್ತೆ ಯಾಕೆ ಕೈ ಎತ್ತಲಿಲ್ಲ?”

ಇರ್ಫಾನ್ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದ: “ಅವರು ಇಂಗ್ಲಿಷ್ ಮೀಡಿಯಂ ಅಲ್ವಾ ಟೀಚರ್. ಅವರು ಇಟ್ಟದ್ದು ಇರಬಹುದು ಅಂತ. ನಮಗೇ ಗೊತ್ತಿಲ್ಲದ್ದು ಅಂತ.”

ತಮಗೆ ಗೊತ್ತಿದ್ದದ್ದನ್ನೂ ಗೊತ್ತಿಲ್ಲ ಎಂದು ನಂಬಿಬಿಟ್ಟಿದ್ದರಲ್ಲ, ಅದು ಸೋತದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ನನ್ನ ನಿಜವಾದ ಕೆಲಸ ಏನು ಎಂದು ಗೊತ್ತಾದದ್ದು ಆ ಬಸ್ಸಿನಲ್ಲಿ.

ಮರುದಿನದಿಂದಲೇ ಶುರು ಮಾಡಿದೆ. ಬೋರ್ಡಿನ ಮೇಲೆ ಒಂದಷ್ಟು ಶಬ್ದ ಬರೆಯುತ್ತಿದ್ದೆ, ನಡುವೆ ಒಂದು ಸುಳ್ಳು ಶಬ್ದ. ಯಾವುದು ಸುಳ್ಳು, ಕೈ ಎತ್ತಿ ಹೇಳಿ. ಒಬ್ಬರೂ ಎತ್ತುವುದಿಲ್ಲ! ಟೀಚರ್ ಬರೆದದ್ದು ತಪ್ಪು ಎಂದು ಹೇಳುವುದು ಹೇಗೆ? ದೊಡ್ಡವರಿಗೆ ಎದುರು ಮಾತಾಡಬಾರದು ಎಂದು ಮನೆಯಲ್ಲಿ ಅರೆದು ಕುಡಿಸಿರುತ್ತಾರೆ. ಬೈದೆ, ಗೋಗರೆದೆ, ಚಾಕಲೇಟು ತಂದೆ. ಕೈಗಳು ಬೆಂಚಿಗೆ ಅಂಟಿಕೊಂಡೇ ಇದ್ದವು. ಬ್ಯಾಚುಗಳು ಬಂದುಹೋದವು, ಒಬ್ಬಿಬ್ಬರು ಅರ್ಧ ಕೈ ಎತ್ತಿದರು, ಅಷ್ಟೇ.

ಹೀಗಿರುವಾಗ ಧನ್ಯಾ ಬಂದಳು. ಅವಳ ತಾಯಿ ಗಿರಿಜಕ್ಕ ಮೀನು ವ್ಯಾಪಾರದವರು. ಬೆಳಿಗ್ಗೆ ಮಲ್ಪೆಯಿಂದ ಮೀನು ತಂದು ಟೆಂಪೋದಲ್ಲಿ ಕಾರ್ಕಳದ ಮಾರ್ಕೆಟಿಗೆ ಹೋಗುವವರು. ಶಿರ್ವದಲ್ಲಿ ನಾನು ಬಸ್ಸಿಗೆ ಕಾಯುವಾಗ ಟೆಂಪೋದಿಂದಲೇ, “ಟೀಚರೇ, ಇವತ್ತು ಒಳ್ಳೆ ಬಂಗುಡೆ ಉಂಟು, ಸಂಜೆಗೆ ಎತ್ತಿ ಇಡ್ತೇನೆ” ಎಂದು ಕೂಗಿಕೊಂಡು ಹೋಗುತ್ತಿದ್ದರು. ಮಗಳು ಮಾತ್ರ ಕ್ಲಾಸಿನಲ್ಲಿ ಬಾಯಿ ಸತ್ತವಳು. ಒಂಬತ್ತನೆಯ ಕ್ಲಾಸಿಗೆ ಬರುವಷ್ಟರಲ್ಲಿ ಐದಕ್ಷರದ ಬುಟ್ಟಿ ಖಾಲಿ ಮಾಡಿದ್ದಳು, ಆದರೆ ಮಣಿಪಾಲಕ್ಕೆ ಕರೆದುಕೊಂಡು ಹೋದಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತು, ಸೋತು ಬಂದಳು.

ಆಮೇಲೆ ಒಂದು ಸಂಜೆ ಕಾಪುವಿನ ಪೇಟೆಯಲ್ಲಿ ನಾನು ಕಂಡದ್ದನ್ನು ನಂಬಲಾಗಲಿಲ್ಲ. ಧನ್ಯಾ ತಾಯಿಯ ಜೊತೆ ಬಂದಿದ್ದಳು. ಅಲ್ಲಿ ಮೀನು ಮಾರುತ್ತಿದ್ದ ಒಬ್ಬ ಅಜ್ಜಿಯ ಬುಟ್ಟಿಯಿಂದ ಒಂದು ಬಂಗುಡೆ ಎತ್ತಿ, ಹೆಬ್ಬೆರಳಿನಿಂದ ಕಿವಿರು ಬಿಡಿಸಿ ನೋಡಿ, ಇಡೀ ಮಾರ್ಕೆಟಿಗೆ ಕೇಳುವ ಹಾಗೆ ತುಳುವಿನಲ್ಲಿ “ಉಂದು ಕೋಡೆದ!” ಎಂದಳು. ಇದು ನಿನ್ನೆಯದ್ದು ಎಂದು! ಆ ಅಜ್ಜಿ ಎರಡು ಬೈದಳು, ನಕ್ಕಳು, ಅಡಿಯಿಂದ ತಾಜಾ ಮೀನು ತೆಗೆದುಕೊಟ್ಟಳು. ಯಾರಿಗೂ ಅವಮಾನವಾಗಲಿಲ್ಲ.

ಮರುದಿನ ಕ್ಲಾಸಿನಲ್ಲಿ ಅವಳನ್ನು ಎಬ್ಬಿಸಿದೆ. “ನಿನ್ನೆ ಆ ಅಜ್ಜಿಗೆ ಎದುರು ಹೇಳಿದ್ಯಲ್ಲ, ಹೆದರಿಕೆ ಆಗ್ಲಿಲ್ವಾ?”

“ಅದು ಮೀನು ಅಲ್ವಾ ಟೀಚರ್. ಕಿವಿರು ನೋಡದೆ ಯಾರು ತಗೊಳ್ತಾರೆ?”

“ಅಜ್ಜಿಗೆ ಬೇಸರ ಆಗ್ಲಿಲ್ವಾ?”

“ಎಂತಕ್ಕೆ ಬೇಸರ? ಅವರೂ ಬೇರೆಯವರದ್ದು ನೋಡ್ತಾರೆ.”

“ಹಾಗಾದರೆ ಶಬ್ದಕ್ಕೂ ಕಿವಿರು ಉಂಟು ಅಂತ ತಿಳ್ಕೊ. ಯಾರು ಇಟ್ಟದ್ದು ಅಂತ ನೋಡ್ಬೇಡ. ಎತ್ತಿ ನೋಡು.”

ಅವತ್ತೇ ನಾನು ಮಕ್ಕಳಿಗೆ ಒಂದು ವಾಕ್ಯ ಕೊಟ್ಟೆ. ‘ತಪ್ಪು’ ಎನ್ನುವುದು ಬೇಡ, ‘ಸುಳ್ಳು’ ಎನ್ನುವುದು ಬೇಡ. ಕೈ ಎತ್ತಿ “ಪುಸ್ತಕ ನೋಡಿ ಹೇಳಿ” ಎಂದರೆ ಸಾಕು. ಯಾರನ್ನೂ ಬೈದ ಹಾಗಾಗುವುದಿಲ್ಲ, ಕಿವಿರು ಎತ್ತಿದ ಹಾಗಾಗುತ್ತದೆ. ಆ ವಾರದ ಕೊನೆಗೆ, ಬೋರ್ಡಿನ ಮೇಲೆ ನಾನು ಬರೆದ ಸುಳ್ಳು ಶಬ್ದಕ್ಕೆ ಧನ್ಯಾಳ ಕೈ ಮೇಲೆದ್ದಿತು. ದನಿ ಇಲಿಮರಿಯಷ್ಟು ಸಣ್ಣ. “ಪುಸ್ತಕ ನೋಡಿ ಹೇಳಿ ಟೀಚರ್.” ನನ್ನ ಕಣ್ಣಲ್ಲಿ ನೀರು ಬಂತು, ನಾಚಿಕೆ ಇಲ್ಲದೆ ಹೇಳುತ್ತೇನೆ. ತಿಂಗಳು ಕಳೆಯುವಷ್ಟರಲ್ಲಿ ನಾನು ಹಾಜರಿ ಕರೆದರೂ ಪುಸ್ತಕ ನೋಡಿ ಹೇಳಿ ಎಂದು ಕೀಟಲೆ ಮಾಡುವ ಹಂತಕ್ಕೆ ಬಂದರು ಕೋತಿಗಳು.

ಕ್ಲಾಸಿನಲ್ಲಿ ಎತ್ತುವುದು ಬೇರೆ, ಹೊರಗೆ ಎತ್ತುವುದು ಬೇರೆ. ಹತ್ತನೆಯ ಕ್ಲಾಸಿನ ಡಿಸೆಂಬರಿನಲ್ಲಿ ಗಿರಿಜಕ್ಕ ಟೆಂಪೋ ನಿಲ್ಲಿಸಿ ಇಳಿದೇ ಬಂದರು. “ಟೀಚರೇ, ಧನ್ಯಾ ಹತ್ತನೆಯದ್ದು ಮುಗಿಸಿ ನನ್ನ ಜೊತೆ ಮಾರ್ಕೆಟಿಗೆ ಬರ್ತೇನೆ ಅಂತ ಕೂತಿದ್ದಾಳೆ. ಅವಳಿಗೆ ಸೈನ್ಸ್ ಆಸೆ ಉಂಟು, ನನಗೆ ಗೊತ್ತುಂಟು. ಕಾಲೇಜಿನಲ್ಲಿ ಎಲ್ಲ ಇಂಗ್ಲಿಷಿನಲ್ಲಂತೆ, ಅದಕ್ಕೆ ಹೆದರಿದ್ದು. ನನ್ನ ಕೆಲಸ ಕೆಟ್ಟದ್ದಲ್ಲ ಟೀಚರೇ, ನಾನು ಅದರಲ್ಲೇ ಮನೆ ಕಟ್ಟಿದ್ದು. ಆದರೆ ಹೆದರಿಕೊಂಡು ಇದಕ್ಕೆ ಬರುವುದು ಬೇಡ. ಬೇಕು ಅಂತ ಬರುವುದಾದರೆ ಬರಲಿ.”

ಎಂಥ ಮಾತು! ನಾನು ಧನ್ಯಾಳನ್ನು ಕರೆಸಿ ಕೂರಿಸಿದೆ. ಮೊದಲು ನೆಲ ಕೆರೆದಳು, ಆಮೇಲೆ ಹೇಳಿದಳು. “ಪಾಠ ಕಷ್ಟ ಅಂತ ಅಲ್ಲ ಟೀಚರ್. ಅರ್ಥ ಆಗದಿದ್ದರೆ ಕೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಎಲ್ಲರೂ ಇಂಗ್ಲಿಷ್ ಮೀಡಿಯಂನವರು ಇರ್ತಾರೆ. ನಾನು ಕೇಳಿ ಅದು ತಪ್ಪಾದರೆ?”

“ಜನವರಿಯಲ್ಲಿ ಮಣಿಪಾಲದ ಸ್ಪರ್ಧೆ ಉಂಟಲ್ಲ. ಅಲ್ಲಿ ಒಂದೇ ಒಂದು ಸಲ ಕೈ ಎತ್ತು. ಗೆಲ್ಲುವುದು ಬೇಡ. ಎತ್ತಲಿಕ್ಕೆ ಆಗದಿದ್ದರೆ ನಾನೇ ನಿನ್ನನ್ನು ಕಾರ್ಕಳದ ಮಾರ್ಕೆಟಿಗೆ ಬಿಟ್ಟು ಬರ್ತೇನೆ, ಮತ್ತೆ ಕಾಲೇಜಿನ ಸುದ್ದಿ ಎತ್ತುವುದಿಲ್ಲ.”

ಹೇಳಿದ್ದೇನೋ ಹೇಳಿದೆ. ಮನೆಗೆ ಹೋದ ಮೇಲೆ, ಒಂದು ಹುಡುಗಿಯ ಮುಂದಿನ ಬದುಕನ್ನು ಆಟದ ಬೋರ್ಡಿನ ಮೇಲೆ ಇಟ್ಟುಬಿಟ್ಟೆನಲ್ಲ ಎಂದು ನನಗೆ ನಾನೇ ಬೈದುಕೊಂಡೆ.

ಸ್ಪರ್ಧೆಯ ದಿನ ಧನ್ಯಾ ಚೆನ್ನಾಗಿಯೇ ಆಡಿದಳು, ಸೆಮಿಫೈನಲಿಗೂ ಬಂದಳು. ಕೈ ಮಾತ್ರ ಒಮ್ಮೆಯೂ ಎತ್ತಿರಲಿಲ್ಲ. ಕೊನೆಯ ಎದುರಾಳಿ ಮಣಿಪಾಲದ ಒಂದು ಶಾಲೆಯ ಹುಡುಗ. ಒಳ್ಳೆಯವನೇ, ಮುಖದಲ್ಲಿ ಮಾತ್ರ ಶಬ್ದಕೋಶ ತಾನೇ ಬರೆದವನ ಗತ್ತು. ನಾನು ಹಗ್ಗದ ಹೊರಗೆ, ಕರವಸ್ತ್ರ ಬಾಯಿಗೆ ತುರುಕಿಕೊಂಡು ನಿಂತಿದ್ದೆ.

ಆಟದ ನಡುವೆ ಹುಡುಗ ಒಂದು ಉದ್ದದ ಶಬ್ದ ಇಟ್ಟ. ಅದು ಶಬ್ದಕೋಶದಲ್ಲಿ ಇರುವ ಶಬ್ದ, ನನಗೆ ಚೆನ್ನಾಗಿ ಗೊತ್ತಿತ್ತು. ಧನ್ಯಾ ಅದನ್ನು ಬಹಳ ಹೊತ್ತು ನೋಡಿದಳು. ತೊಡೆಯ ಕೆಳಗಿನಿಂದ ಒಂದು ಕೈ ಹೊರಗೆ ಬಂತು. ಬೇಡ, ಇದಕ್ಕೆ ಬೇಡ, ಅಯ್ಯೋ ದೇವಾ, ಇದಕ್ಕೆ ಬೇಡ ಎಂದು ನಾನು ಒಳಗೇ ಕೂಗಿಕೊಳ್ಳುತ್ತಿದ್ದೆ. ಕೈ ಮೇಲೆದ್ದಿತು.

“ಪುಸ್ತಕ ನೋಡಿ ಹೇಳಿ.”

ತೀರ್ಪುಗಾರರು ಬಂದರು, ಪುಸ್ತಕ ತಿರುವಿದರು, “ಶಬ್ದ ಸರಿ ಉಂಟು” ಎಂದರು. ಧನ್ಯಾಳ ಒಂದು ಸರದಿ ಹೋಯಿತು. ನಾನು ಕಣ್ಣು ಮುಚ್ಚಿದೆ. ಎಲ್ಲ ಮುಗಿಯಿತು, ಇನ್ನು ಈ ಹುಡುಗಿ ಸಾಯುವವರೆಗೆ ಕೈ ಎತ್ತುವುದಿಲ್ಲ ಎಂದುಕೊಂಡೆ.

ಕಣ್ಣು ಬಿಟ್ಟಾಗ ಅವಳು ಬೆರಗಾದವಳ ಹಾಗೆ ಸುತ್ತ ನೋಡುತ್ತಿದ್ದಳು. ತೀರ್ಪುಗಾರರು ಆಗಲೇ ಇನ್ನೊಂದು ಮೇಜಿಗೆ ಹೋಗಿದ್ದರು. ಹುಡುಗ ತನ್ನ ಪಾಡಿಗೆ ಬಿಲ್ಲೆ ಜೋಡಿಸುತ್ತಿದ್ದ. ಒಬ್ಬರೂ ನಗಲಿಲ್ಲ, ಒಬ್ಬರೂ ನೋಡಲಿಲ್ಲ. ಆಮೇಲೆ ಸ್ವಲ್ಪ ಹೊತ್ತಿಗೆ ಹುಡುಗ ಇನ್ನೊಂದು ಶಬ್ದ ಇಟ್ಟ, ಧನ್ಯಾಳ ಕೈ ತಕ್ಷಣ ಮೇಲೆ! ಈ ಸಲ ಶಬ್ದ ಪುಸ್ತಕದಲ್ಲಿ ಇರಲಿಲ್ಲ. ಹುಡುಗ ಬಿಲ್ಲೆ ಎತ್ತಿಕೊಂಡ. ಆಟದಲ್ಲಿ ಕೊನೆಗೆ ಸೋತದ್ದು ನಮ್ಮವಳೇ, ಕಳೆದ ಆ ಸರದಿ ದುಬಾರಿಯಾಯಿತು.

ಬಸ್ಸಿನಲ್ಲಿ ನನ್ನ ಪಕ್ಕ ಕೂತು ಕೇಳಿದಳು. “ಟೀಚರ್, ಮೊದಲನೆಯದ್ದು ತಪ್ಪಾಯ್ತಲ್ಲ, ಆಗ ಎಂತ ಆಯ್ತು ಗೊತ್ತುಂಟಾ?”

“ಎಂತ ಆಯ್ತು?”

“ಎಂತದೂ ಆಗ್ಲಿಲ್ಲ!”

ಕಟಪಾಡಿ ಬರುವವರೆಗೆ ಅದನ್ನೇ ನೆನೆದು ನಗುತ್ತಿದ್ದಳು. ನಾನೂ ನಕ್ಕೆ.

ಬೇಸಿಗೆಯಲ್ಲಿ ರಿಸಲ್ಟ್ ಬಂತು. ಉಡುಪಿಯ ಒಂದು ಕಾಲೇಜಿಗೆ ಅಡ್ಮಿಷನ್ನಿಗೆ ನಾವು ಮೂವರೂ ಹೋದೆವು. ಗಿರಿಜಕ್ಕ ಅವತ್ತು ವ್ಯಾಪಾರ ಬಿಟ್ಟು, ಮದುವೆಗೆ ಉಡುವ ಸೀರೆ ಉಟ್ಟಿದ್ದರು. ಬೆಳಗಿನಿಂದ ಸಾಲು ಕರಗಿಸಿ ಸುಸ್ತಾಗಿದ್ದ ಒಬ್ಬರು ಉಪನ್ಯಾಸಕರು ಅರ್ಜಿಯ ಮೇಲೆ ಕಣ್ಣಾಡಿಸಿದರು. ಕೆಳಗಿದ್ದ ಮಾರ್ಕ್ಸ್ ಕಾರ್ಡನ್ನು ಮುಟ್ಟಲೇ ಇಲ್ಲ.

“ಕನ್ನಡ ಮೀಡಿಯಂ ಅಲ್ವಾ? ಸೈನ್ಸ್ ಕಷ್ಟ ಆಗ್ತದೆ ಇವಳಿಗೆ. ಆರ್ಟ್ಸ್ ಅಂತ ಬರೀತೇನೆ, ಆಗಬಹುದಲ್ಲ?”

“ಆಯ್ತು ಸರ್, ನೀವು ಹೇಳಿದ ಹಾಗೆ” ಎಂದರು ಗಿರಿಜಕ್ಕ. ಮಾರ್ಕೆಟಿನಲ್ಲಿ ಯಾರಿಗೂ ಜಗ್ಗದ ಹೆಂಗಸು ಅಲ್ಲಿ ಕೈ ಮುಗಿದುಕೊಂಡು ಕೂತಿದ್ದರು.

ನನಗೆ ನೆತ್ತಿಗೇರಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೇ ಬಿಟ್ಟೆ. “ಅಲ್ಲ ಸರ್, ನೀವು ಎಂತ” ಎಂದು ಬಾಯಿ ತೆರೆದದ್ದಷ್ಟೇ, ನನ್ನ ಮುಖದ ಎದುರಿಗೆ ಒಂದು ಕೈ ಮೇಲೆದ್ದಿತು. ನಾಲ್ಕೇ ಜನ ಇದ್ದ ಆ ಸಣ್ಣ ಕೋಣೆಯಲ್ಲಿ, ಕುರ್ಚಿಯಲ್ಲಿ ಕೂತುಕೊಂಡೇ, ಧನ್ಯಾ ಕೈ ಎತ್ತಿದ್ದಳು.

“ಟೀಚರ್, ನೀವು ಕೂತ್ಕೊಳ್ಳಿ” ಎಂದಳು ಮೆಲ್ಲಗೆ. “ಆಟ ನಡೆಯುವಾಗ ಕೋಚ್ ಮಾತಾಡ್ಬಾರ್ದು.”

ಆಮೇಲೆ ಉಪನ್ಯಾಸಕರ ಕಡೆಗೆ ತಿರುಗಿದಳು. ಕೈ ಇನ್ನೂ ಮೇಲೆಯೇ ಇತ್ತು. “ಸರ್, ಮಾರ್ಕ್ಸ್ ಕಾರ್ಡ್ ನೋಡಿ ಹೇಳಿ.”

ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಅರ್ಜಿ ಸರಿಸಿ ಕಾರ್ಡು ತೆಗೆದರು, ಮೇಲಿನಿಂದ ಕೆಳಗಿನವರೆಗೆ ಓದಿದರು.

“ಸೈನ್ಸೇ ಬೇಕಾ?”

“ಹೌದು ಸರ್.”

“ಕ್ಲಾಸಿನಲ್ಲಿ ಅರ್ಥ ಆಗದಿದ್ದರೆ ಎಂತ ಮಾಡ್ತೀಯಾ?”

“ಕೈ ಎತ್ತುತ್ತೇನೆ ಸರ್.”

ಅವರು ನಕ್ಕು ಪೆನ್ನು ತೆಗೆದು ಸೈನ್ಸ್ ಎಂದು ಬರೆದರು. ಗಿರಿಜಕ್ಕ ಮಗಳ ಎತ್ತಿದ ಕೈಯನ್ನು ಹಿಡಿದು ಕೆಳಗಿಳಿಸಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ನಾನು ಸುಮ್ಮನೆ ಕೂತಿದ್ದೆ. ಇಡೀ ವೃತ್ತಿಯಲ್ಲಿ ನಾನು ಅಷ್ಟು ಹೆಮ್ಮೆಯಿಂದ ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ.